ಸಾಧ್ಯತೆ ಅಕ್ಕನ ಕೆಮ್ಮು

ಊರಿನವರು ಅವಳನ್ನು ಸಾಧ್ಯತೆ ಅಕ್ಕ ಎಂದು ಕರೆಯುತ್ತಿದ್ದರು. ಸ್ಥಳೀಯ ರೇಡಿಯೋದಲ್ಲಿ ದಿನವೂ ಮಧ್ಯಾಹ್ನ ಹವಾಮಾನ ಓದುವುದು ಅವಳ ಕೆಲಸ. ವಸಂತ ಬಂತೆಂದರೆ ಹವಾಮಾನ ಕಚೇರಿಯಿಂದ ಬರುತ್ತಿದ್ದದ್ದು ಒಂದೇ ಪಾಠ: "ಹಗಲಿನಲ್ಲಿ ಬೆಚ್ಚನೆಯ ಬಿಸಿಲು. ಸಂಜೆ ವೇಳೆಗೆ ಅಲ್ಲಲ್ಲಿ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ ಇದೆ." ಮಳೆ ಬಂದರೆ ಹೇಳಿದ್ದೆವಲ್ಲ ಎನ್ನಬಹುದು, ಬರದಿದ್ದರೆ ಸಾಧ್ಯತೆ ಎಂದಷ್ಟೇ ಹೇಳಿದ್ದು ಎನ್ನಬಹುದು. ಅಡ್ಡಗೋಡೆ ಮೇಲೆ ದೀಪ ಇಡುವುದನ್ನು ಆ ಕಚೇರಿಯವರಿಂದ ಕಲಿಯಬೇಕು. ಬೈಸಿಕೊಳ್ಳುವುದು ಮಾತ್ರ ಓದಿದವಳು. "ಏನಕ್ಕ, ಇವತ್ತು ಕೊಡೆ ತರೋ ಸಾಧ್ಯತೆ ಇದೆಯಾ?" ಎಂದು ತರಕಾರಿಯವನು ಚುಡಾಯಿಸುತ್ತಿದ್ದ. ಅವಳು ನಗುತ್ತಲೂ ಇರಲಿಲ್ಲ, ಮುನಿಯುತ್ತಲೂ ಇರಲಿಲ್ಲ. ಕೆಲಸಕ್ಕೆ ಸೇರಿದಾಗ ಅವಳಿಗೆ ಕಲಿಸಿದ್ದೇ ಅದು: ಹವಾಮಾನ ಓದುವವರ ದನಿಯಲ್ಲಿ ಹವಾಮಾನ ಇರಬಾರದು.

ಆದರೆ ಆ ದನಿಯಲ್ಲಿ ಒಂದು ಗುಟ್ಟು ಇತ್ತು. ಅದು ಅವಳಿಗೂ ಅವಳ ಅಣ್ಣನಿಗೂ ಮಾತ್ರ ಗೊತ್ತಿದ್ದದ್ದು.

ಅಣ್ಣ ಇಟ್ಟಿಗೆ ಮಾಡುವವನು. ಊರಾಚೆ ರಸ್ತೆಯ ಪಕ್ಕದಲ್ಲಿ ಇಟ್ಟಿಗೆ ಒಣಗಿಸುವ ಅವನ ಕಣ. ಅಚ್ಚಿನಿಂದ ತೆಗೆದ ಹಸಿ ಇಟ್ಟಿಗೆ ಬಿಸಿಲಲ್ಲಿ ಒಣಗಿದ ಮೇಲೆಯೇ ಗೂಡಿಗೆ ಹೋಗಬೇಕು. ಒಣಗುವುದಕ್ಕೆ ವಸಂತದ ಬಿಸಿಲಿನಷ್ಟು ಒಳ್ಳೆಯದು ಬೇರೊಂದಿಲ್ಲ. ಆದರೆ ಅದೇ ಕಾಲದಲ್ಲಿ ಗುಡುಗಿನ ಒಂದು ಮಳೆ ಬಿದ್ದರೆ ಕಣದ ತುಂಬ ಕೆಸರು. ದಿನಾ ಟಾರ್ಪಾಲು ಹೊದಿಸಿಟ್ಟರಾಯಿತಲ್ಲ ಎನ್ನುವವರು ಇಟ್ಟಿಗೆ ಮಾಡಿದವರಲ್ಲ. ಮುಚ್ಚಿಟ್ಟ ಇಟ್ಟಿಗೆ ಒಳಗೇ ಬೆವರುತ್ತದೆ, ಆಮೇಲೆ ಗೂಡಿನಲ್ಲಿ ಬಿರುಕು ಬಿಡುತ್ತದೆ. ಯಾವ ದಿನ ಮುಚ್ಚಬೇಕು, ಯಾವ ದಿನ ತೆರೆಯಬೇಕು ಎನ್ನುವುದರ ಮೇಲೆಯೇ ಅವನ ಬದುಕು ನಿಂತಿತ್ತು.

ಹವಾಮಾನ ಕಚೇರಿಯ ಗುಮಾಸ್ತೆ ಒಬ್ಬಳು ಇವಳ ಗೆಳತಿ. "ಇವತ್ತಿನ ಬಾಲ ನಿಜವಾದದ್ದಾ?" ಎಂದು ಇವಳು ಫೋನಿನಲ್ಲಿ ಕೇಳಿದರೆ, ಗುಡುಗು ಸಹಿತ ಮಳೆಯ ಆ ಬಾಲದ ಸಾಲು ಬರೀ ರೂಢಿಗೆ ಬರೆದದ್ದೋ ಅಲ್ಲವೋ ಎಂದು ಅವಳು ಹೇಳಿಬಿಡುತ್ತಿದ್ದಳು. ನಿಜವಾದ ದಿನ ಇವಳು 'ಸಾಧ್ಯತೆ' ಎನ್ನುವ ಮುಂಚೆ ಸಣ್ಣಗೆ ಒಮ್ಮೆ ಕೆಮ್ಮುತ್ತಿದ್ದಳು. ಕಣದ ಚಪ್ಪರದಲ್ಲಿ ರೇಡಿಯೋ ತೂಗುಹಾಕಿಕೊಂಡಿದ್ದ ಅಣ್ಣ ಟಾರ್ಪಾಲಿಗೆ ಕೈಹಾಕುತ್ತಿದ್ದ. ಹಾಗೆ ಮಾಡು ಎಂದು ಹೇಳಿಕೊಟ್ಟವನೂ ಅವನೇ.

ಅವ್ವ ತೀರಿಕೊಂಡ ದಿನ ಅಣ್ಣ ತಂಗಿಯ ಮಾತು ನಿಂತಿತು. ಆಸ್ಪತ್ರೆಯಿಂದ ಅತ್ತಿಗೆಯ ಫೋನು ಬಂದಾಗ ಹವಾಮಾನ ಓದುವ ಹೊತ್ತು ಹತ್ತಿರವಾಗಿತ್ತು. ಅವಳ ಜಾಗದಲ್ಲಿ ಕೂರಲು ಬೇರೆ ಯಾರೂ ಇರಲಿಲ್ಲ. ಓದಿಯೇ ಓಡಿದಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ರೇಡಿಯೋ ಹಾಡುತ್ತಿತ್ತಂತೆ. ಅವ್ವನ ಉಸಿರು ಹೋಗುವಾಗ ಬೆಚ್ಚನೆಯ ಬಿಸಿಲು ಎಂದು ತಂಗಿ ಒಂದಿಷ್ಟೂ ಅಳುಕದೆ ಹೇಳುತ್ತಿದ್ದದ್ದು ಅಣ್ಣನ ಕಿವಿಗೆ ಬಿದ್ದಿತ್ತು.

"ನಿನಗೆ ಎದೆ ಅನ್ನೋದೇ ಇಲ್ಲ. ಬರೀ ಗಂಟಲು," ಎಂದ ಅವನು. ಅಲ್ಲಿಗೆ ಮಾತು ಬಿಟ್ಟ.

ಮುಂದಿನ ವಸಂತದಲ್ಲಿ ಮೊದಲ ನಿಜವಾದ ಬಾಲ ಬಂದ ದಿನ ಅವಳಿಗೆ ತಡೆಯಲಾಗಲಿಲ್ಲ, ಕೆಮ್ಮಿದಳು. ಸಂಜೆ ಮನೆಗೆ ಹೋಗುವ ಬಸ್ಸು ಕಣದ ಮುಂದೆಯೇ ಹಾದುಹೋಗುತ್ತದೆ. ನೋಡಿದರೆ ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿತ್ತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಲ್ಲಿಂದಾಚೆ ಆ ಕೆಮ್ಮೊಂದೇ ಅವರಿಬ್ಬರ ನಡುವೆ ಉಳಿದಿದ್ದ ಮಾತು. ಹಬ್ಬವಿಲ್ಲ, ಹರಿದಿನವಿಲ್ಲ, ಹೇಗಿದ್ದೀಯ ಎನ್ನುವುದಿಲ್ಲ. ಅವಳು ಕೆಮ್ಮುತ್ತಿದ್ದಳು, ಅವನು ಮುಚ್ಚುತ್ತಿದ್ದ. ಅಷ್ಟು ಅವಳಿಗೆ ಸಾಕಾಗಿತ್ತು.

ಹೀಗಿರುವಾಗ ರೇಡಿಯೋಕ್ಕೆ ಹೊಸ ಮ್ಯಾನೇಜರು ಬಂದ. ನೆಟ್ಟಗಿದ್ದದ್ದನ್ನು ಸರಿಮಾಡುವುದೇ ಇಂಥವರ ಕಸುಬು. ಹವಾಮಾನವನ್ನು ಬೆಳಿಗ್ಗೆಯೇ ರೆಕಾರ್ಡ್ ಮಾಡಿಟ್ಟು ಮಧ್ಯಾಹ್ನ ಹಾಕೋಣ ಎಂದ. ಕೇಳುಗರು ದೂರುತ್ತಿದ್ದಾರೆ, ಕೆಮ್ಮಿಗೆ ಔಷಧ ತಗೊಳ್ಳಿ ಮೇಡಂ, ಎಂದೂ ಸೇರಿಸಿದ. ಅವಳು ತಲೆಯಾಡಿಸಿದಳು. ಮರುವಾರ ಗೆಳತಿ ಫೋನಿನಲ್ಲಿ "ಇವತ್ತು ಗ್ಯಾರಂಟಿ" ಎಂದಳು. ಇವಳು ರೆಕಾರ್ಡಿಂಗಿನಲ್ಲಿ ಎಂದಿನಂತೆ ಕೆಮ್ಮಿ ಎದ್ದಳು.

ಸಂಜೆಯ ಬಸ್ಸಿನಲ್ಲಿ ಮಳೆ ಗಾಜಿಗೆ ಬಡಿಯುತ್ತಿತ್ತು. ಕಣ ತೆರೆದೇ ಇತ್ತು. ಅಣ್ಣನೂ ಅತ್ತಿಗೆಯೂ ಗಾಳಿಗೆ ಹಾರುವ ಟಾರ್ಪಾಲನ್ನು ಹಿಡಿದು ಎಳೆದಾಡುತ್ತಿದ್ದರು. ಅವಳು ಬಸ್ಸು ನಿಲ್ಲಿಸಿ ಇಳಿದು ಓಡಿದಳು. ಸಾಲುಸಾಲಾಗಿ ನಿಂತಿದ್ದ ಇಟ್ಟಿಗೆ ಕರಗಿ ಒಂದರ ಮೇಲೊಂದು ಒರಗಿತ್ತು.

"ಇವತ್ತು ಕೆಮ್ಮು ಬರ್ಲಿಲ್ವಾ ನಿನಗೆ?" ಎಂದ ಅಣ್ಣ. ಎಷ್ಟೋ ಕಾಲದ ಮೇಲೆ ಆಡಿದ ಮೊದಲ ಮಾತು ಅದು.

"ಕೆಮ್ಮಿದ್ದೆ ಅಣ್ಣ. ನಿಜವಾಗ್ಲೂ ಕೆಮ್ಮಿದ್ದೆ."

"ನಾನಿನ್ನೂ ಕಿವುಡ ಆಗಿಲ್ಲ," ಎಂದು ಅವನು ಬೆನ್ನು ತಿರುಗಿಸಿದ.

ಮರುದಿನ ವಿಷಯ ತಿಳಿಯಿತು. ರೆಕಾರ್ಡಿಂಗ್ ನೋಡಿಕೊಳ್ಳುವ ಹಿರಿಯ ತಂತ್ರಜ್ಞನಿಗೆ ಕತ್ತರಿ ಎಂದೇ ಅಡ್ಡಹೆಸರು. ತುಂಬ ಒಳ್ಳೆಯ ಮನುಷ್ಯ. "ನಿಮ್ಮ ಕೆಮ್ಮು ತೆಗೆದುಬಿಟ್ಟೆ ಕಣಮ್ಮ, ಮ್ಯಾನೇಜರ್ ಹತ್ರ ನೀವು ಬೈಸಿಕೊಳ್ಳೋದು ನೋಡೋಕಾಗಲ್ಲ ನಂಗೆ," ಎಂದು ಬಾಯಿತುಂಬ ನಕ್ಕ. ಒಳ್ಳೆಯವರು ಮಾಡುವ ಅನಾಹುತಕ್ಕೆ ಬೈಯಲೂ ಬಾಯಿ ಬರುವುದಿಲ್ಲ. ಅವಳು ಅವನನ್ನು ದರದರನೆ ಕಣಕ್ಕೆ ಎಳೆದುಕೊಂಡು ಹೋದಳು. ಅವನು ಇದ್ದದ್ದನ್ನು ಇದ್ದಹಾಗೆ ಹೇಳಿದ. ಅಣ್ಣ ಸಲಿಕೆ ಬಿಡದೆ ಕೇಳಿಸಿಕೊಂಡ.

"ಮನುಷ್ಯರ ಕೆಮ್ಮು ಕತ್ತರಿಸೋಕೆ ಅದೇನು ಬಟ್ಟೆನಾ? ಸಾಲದು ಅಂತ ಸಾಕ್ಷಿ ಬೇರೆ ಹೊಂದಿಸ್ಕೊಂಡು ಬಂದಿದಾಳೆ," ಎಂದ ಹೆಂಡತಿಯ ಕಡೆ ನೋಡಿ. ಅವ್ವ ತೀರಿದ ದಿನ ಅವನ ಮನಸ್ಸಿನಲ್ಲಿ ಕುಳಿತದ್ದಕ್ಕೆ ಈಗ ಪುರಾವೆ ಸಿಕ್ಕಂತಾಗಿತ್ತು. ಅದನ್ನು ಬಿಟ್ಟುಕೊಡಲು ಅವನು ತಯಾರಿರಲಿಲ್ಲ.

ಅವಳು ಮ್ಯಾನೇಜರನ ಹತ್ತಿರ ಎಂದೂ ಆಡದ ಜಗಳ ಆಡಿದಳು. ನೇರವಾಗಿಯೇ ಓದುತ್ತೇನೆ, ಇಲ್ಲದಿದ್ದರೆ ಕೆಲಸವೇ ಬೇಡ ಎಂದಳು. ಆ ಸಂಬಳಕ್ಕೆ ಬೇರೆ ಯಾರೂ ಸಿಗುವುದಿಲ್ಲವಾದ್ದರಿಂದ ಅವನು ಗೊಣಗಿಕೊಂಡು ಒಪ್ಪಿದ. ಮುಂದಿನ ನಿಜವಾದ ದಿನ ಅವಳು ಇಡೀ ಊರಿಗೇ ಕೇಳುವ ಹಾಗೆ ಕೆಮ್ಮಿದಳು. ಸಂಜೆ ನೋಡಿದರೆ ಕಣ ತೆರೆದಿತ್ತು. ಪುಣ್ಯಕ್ಕೆ ಅಂದು ನಾಲ್ಕು ಹನಿ ಉದುರಿ ಮೋಡ ಚದುರಿತು. ಅದರ ಮಾರನೆಯ ದಿನ ಆಕಾಶ ಶುಭ್ರವಾಗಿತ್ತು, ಅವಳು ಕೆಮ್ಮಿರಲಿಲ್ಲ. ಸಂಜೆಯ ಬಿಸಿಲಿನಲ್ಲೂ ಇಡೀ ಕಣಕ್ಕೆ ಟಾರ್ಪಾಲು ಹೊದಿಸಿತ್ತು.

ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಅತ್ತಿಗೆ ಅಂಗಡಿ ಬೀದಿಯಲ್ಲಿ ಸಿಕ್ಕಾಗ ಕೇಳಿಯೇಬಿಟ್ಟಳು.

"ಏನು ಹೇಳಲಮ್ಮ," ಎಂದಳು ಅತ್ತಿಗೆ. "ನೀನು ಕೆಮ್ಮಿದ್ರೆ ಬಿಚ್ಚು ಅಂತಾರೆ, ಕೆಮ್ಮದಿದ್ರೆ ಮುಚ್ಚು ಅಂತಾರೆ. ಅವಳು ನಮ್ಮನ್ನ ಹಾಳು ಮಾಡೋಕೆ ನಿಂತಿದಾಳೆ, ಅವಳು ಹೇಳಿದ್ದಕ್ಕೆ ಉಲ್ಟಾ ಮಾಡಿದ್ರೇ ನಾವು ಬದುಕೋದು ಅಂತ. ನಾನು ಎಷ್ಟು ಹೇಳಿದ್ರೂ ಕಿವಿಗೆ ಹಾಕ್ಕೊಳ್ಳಲ್ಲ. ಈ ಸಲದ ಇಟ್ಟಿಗೆನೂ ಹೋದ್ರೆ ಕಣ ಬಿಟ್ಟು ಬೇರೆಯವರ ಹತ್ರ ಕೂಲಿಗೆ ಹೋಗ್ಬೇಕು, ಅಷ್ಟೇ."

"ಹಾಗಾದ್ರೆ ರೇಡಿಯೋ ಇನ್ನೂ ಕೇಳ್ತಾನಾ?"

"ಒಂದು ದಿನಾನೂ ತಪ್ಪಿಸಲ್ಲ. ಆ ಹೊತ್ತಿಗೆ ನಾವ್ಯಾರೂ ಉಸಿರು ಬಿಡೋ ಹಾಗಿಲ್ಲ."

ಅಂದು ದಾರಿಯುದ್ದಕ್ಕೂ ಅವಳಿಗೆ ಅದೇ ಯೋಚನೆ. ಅತ್ತಿಗೆಯ ಕಿವಿಯಲ್ಲಿ ಹೇಳಿದರೆ ಪ್ರಯೋಜನವಿರಲಿಲ್ಲ, ಅವನು ಹೆಂಡತಿಯ ಮಾತನ್ನೂ ಕೇಳುತ್ತಿರಲಿಲ್ಲ. ಅವನು ಕೇಳುತ್ತಿದ್ದದ್ದು ಇವಳ ಗಂಟಲನ್ನು ಮಾತ್ರ, ಅದೂ ಕೋಪಕ್ಕೆ.

ಮರುದಿನದಿಂದ ಬಿಸಿಲು ಖಚಿತವಾಗಿದ್ದ ದಿನಗಳಲ್ಲೆಲ್ಲ ಅವಳು ಕೆಮ್ಮಿದಳು. ಮ್ಯಾನೇಜರು ಮುಖ ಗಂಟು ಹಾಕಿದ. ಕತ್ತರಿ ಮನೆಯಿಂದ ಜೇನುತುಪ್ಪ ತಂದುಕೊಟ್ಟ. ತರಕಾರಿಯವನು ಡಾಕ್ಟರಿಗೆ ತೋರಿಸಕ್ಕ ಎಂದು ಈ ಸಲ ತಮಾಷೆ ಬಿಟ್ಟು ಹೇಳಿದ. ಕಣದಲ್ಲಿ ಇಟ್ಟಿಗೆ ಬಿಸಿಲು ಕುಡಿದು ಒಣಗುತ್ತಿತ್ತು.

ಆಮೇಲೆ ಗೆಳತಿ ತಾನಾಗಿಯೇ ಫೋನು ಮಾಡಿದ ದಿನ ಬಂತು. "ಇವತ್ತು ಬಾಲ ಅಲ್ಲ, ಇಡೀ ಪ್ರಾಣಿನೇ ಬರ್ತಿದೆ. ಬೇಗ ಮನೆ ಸೇರ್ಕೋ," ಎಂದಳು. ಅವಳು ಮೈಕಿನ ಮುಂದೆ ಕುಳಿತಳು. ಬೆಚ್ಚನೆಯ ಬಿಸಿಲು ಎಂದಳು, ಅಲ್ಲಲ್ಲಿ ಗುಡುಗು ಸಹಿತ ಎಂದಳು. ರೂಢಿಯಾದ ಗಂಟಲು ಆ ಜಾಗಕ್ಕೆ ಬಂದೊಡನೆ ತಾನೇ ಕೆರೆಯಿತು. ಹೊರಗೆ ಗಾಳಿ ಎದ್ದಿತ್ತು. ಅಣ್ಣ ಚಪ್ಪರದಲ್ಲಿ ಕಿವಿಗೊಟ್ಟು ಕುಳಿತಿರುತ್ತಾನೆ, ನಾನು ಕೆಮ್ಮದಿದ್ದರೆ 'ನೋಡಿದೆಯಾ ಇವಳನ್ನು' ಎಂದು ಹೆಂಡತಿಗೆ ತೋರಿಸುತ್ತಾನೆ, ತೋರಿಸಲಿ, ಎಂದುಕೊಂಡು ಅವಳು ಕೆಮ್ಮನ್ನು ನುಂಗಿ, ಸಾಧ್ಯತೆ ಇದೆ ಎಂದು ಓದಿ ಮುಗಿಸಿದಳು.

"ನೋಡಿ ಮೇಡಂ, ಮನಸ್ಸು ಮಾಡಿದ್ರೆ ಎಷ್ಟು ಶುದ್ಧವಾಗಿ ಬರುತ್ತೆ," ಎಂದ ಮ್ಯಾನೇಜರು.

ಸಂಜೆ ಬಸ್ಸು ಕಣದ ಹತ್ತಿರ ಬರುವಷ್ಟರಲ್ಲಿ ಆಕಾಶ ಹರಿದುಕೊಂಡು ಸುರಿಯುತ್ತಿತ್ತು. ಕಣದ ಈ ತುದಿಯಿಂದ ಆ ತುದಿಯವರೆಗೂ ಟಾರ್ಪಾಲು ಬಿಗಿಯಾಗಿ ಕಟ್ಟಿತ್ತು, ಮೂಲೆಮೂಲೆಗೂ ಕಲ್ಲಿತ್ತು. ಒಂದು ಇಟ್ಟಿಗೆಯೂ ನೆನೆದಿರಲಿಲ್ಲ. ಅಣ್ಣ ಚಪ್ಪರದ ಕಂಬ ಹಿಡಿದು ನಿಂತಿದ್ದ. ಬಸ್ಸಿನ ಕಿಟಕಿಯಲ್ಲಿ ಅವಳನ್ನು ಕಂಡ. ಗೆದ್ದವನ ಹಾಗೆ ಒಮ್ಮೆ ನೋಡಿ, ರಸ್ತೆಯ ಕಡೆಗೆ ಕ್ಯಾಕರಿಸಿ ಉಗಿದ.

ಮಧ್ಯಾಹ್ನದಿಂದ ತಡೆದಿಟ್ಟ ಕೆಮ್ಮು ಆಗ ಬಂತು. ಬಂದದ್ದು ನಿಲ್ಲಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ನೀರಿನ ಬಾಟಲಿ ಕೊಟ್ಟು ಅವಳ ಬೆನ್ನು ಸವರಿದಳು.

"ನೀವು ಸಾಧ್ಯತೆ ಅಕ್ಕ ಅಲ್ವಾ? ಇವತ್ತು ನೀವು ಹೇಳಿದ ಹಾಗೇ ಆಯ್ತು ನೋಡಿ," ಎಂದಳು.

"ಹೌದು," ಎಂದಳು ಅವಳು, ಕಣ್ಣು ಒರೆಸಿಕೊಂಡು. "ಹೇಳಿದ ಹಾಗೇ ಆಯ್ತು."