ಸಾವಧಾನಪ್ಪನ ಬ್ರೇಕು

ಸಾವಧಾನಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಸ್ಟ್ಯಾಂಡಿನ ಚಾಲಕರು ಇಟ್ಟದ್ದು. ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ಕರೆದೊಯ್ದು ಕರೆತರುವ ಕೆಲಸದಲ್ಲೇ ತಲೆ ನರೆತಿದ್ದ ಆ ಮನುಷ್ಯ ಒಂದು ದಿನವೂ ಯಾರನ್ನೂ ಹಿಂದೆ ಹಾಕಿದವನಲ್ಲ. ಸೈಕಲ್ಲಿನವರು ಕೂಡ ಅವನನ್ನು ದಾಟುವಾಗ ತಿರುಗಿ ನೋಡಿ ನಗುತ್ತಿದ್ದರು. ನಗಲಿ ಬಿಡಿ. ಅವನ ಗಾಡಿಯಲ್ಲಿ ಹೋದ ಯಾವ ಮಗುವಿಗೂ ಒಂದು ತರಚು ಗಾಯವೂ ಆಗಿರಲಿಲ್ಲ. ಇದನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರನ್ನು ನಿಲ್ಲಿಸಿಕೊಂಡೂ ಹೇಳುತ್ತಿದ್ದ.

ಆ ವ್ಯಾನಿಗೂ ಅವನಿಗೂ ಹಳೆಯ ದಂಪತಿಗಳ ಸಂಬಂಧ. ಎಡಗಡೆಯ ಬಾಗಿಲನ್ನು ತುಸು ಎತ್ತಿ ತಳ್ಳಿದರೆ ಮಾತ್ರ ಮುಚ್ಚುತ್ತಿತ್ತು. ಚಳಿ ಇದ್ದ ಬೆಳಿಗ್ಗೆ ಕೀಲಿ ತಿರುಗಿಸಿ ಒಂದು ಉಸಿರು ಕಾದರೇ ಎಂಜಿನ್ನಿಗೆ ಜೀವ ಬರುತ್ತಿತ್ತು. ಇವೆಲ್ಲ ಅವನಿಗೆ ಗೊತ್ತಿದ್ದ ಕುಂದುಗಳು. ಗೊತ್ತಿಲ್ಲದ್ದು ಇನ್ನೊಂದಿತ್ತು. ಬ್ರೇಕಿನ ಪೆಡಲು ಮೊದಲ ಒತ್ತಿಗೆ ಮೆತ್ತಗೆ ಕೆಳಗಿಳಿದುಬಿಡುತ್ತಿತ್ತು. ಎರಡನೆಯ ಒತ್ತಿಗೆ ಮಾತ್ರ ಗಟ್ಟಿಯಾಗಿ ಹಿಡಿಯುತ್ತಿತ್ತು. ಇದೇನೂ ಒಂದೇ ದಿನದಲ್ಲಿ ಆದದ್ದಲ್ಲ. ಪೆಡಲು ಕೂದಲೆಳೆಯಷ್ಟು ಇಳಿದಾಗಲೆಲ್ಲ ಅವನ ಕಾಲು ಕೂದಲೆಳೆಯಷ್ಟು ಮೊದಲೇ ಏಳುವುದನ್ನು ಕಲಿತಿತ್ತು, ಆಮೇಲೆ ಎರಡು ಸಲ ಒತ್ತುವುದನ್ನೂ ಕಲಿತಿತ್ತು. ಕಲಿತ ಸುದ್ದಿಯನ್ನು ತಲೆಗೆ ಮುಟ್ಟಿಸುವ ಗೋಜಿಗೆ ಮಾತ್ರ ಹೋಗಿರಲಿಲ್ಲ. ಕೇಳಿದ್ದರೆ ಅವನು ಆಣೆ ಮಾಡಿ ಹೇಳುತ್ತಿದ್ದ, ನನ್ನ ಬ್ರೇಕು ಕಲ್ಲು ಇದ್ದ ಹಾಗೆ ಇದೆ ಎಂದು.

ಹೀಗೇ ನಡೆದಿದ್ದರೆ ನಡೆಯುತ್ತಿತ್ತೋ ಏನೋ. ಆದರೆ ಕಣ್ಣು ಕೈಕೊಟ್ಟವು. ಸಂಜೆಯ ಬೆಳಕಿನಲ್ಲಿ ಎದುರಿನ ಗಾಡಿಗಳು ಮಸುಕಾಗತೊಡಗಿದಾಗ ಕಣ್ಣಿನ ಡಾಕ್ಟರು ಖಂಡಿತವಾಗಿ ಹೇಳಿದರು, ಆಪರೇಷನ್ ಆಗಿ ಪೂರ್ತಿ ವಾಸಿಯಾಗುವವರೆಗೆ ಸ್ಟಿಯರಿಂಗ್ ಮುಟ್ಟಕೂಡದು ಎಂದು. ಮನೆಯಲ್ಲಿ ಇದ್ದವಳು ಮಗಳೊಬ್ಬಳೇ. ತಾಯಿ ತೀರಿಕೊಂಡ ಮೇಲೆ ಅಪ್ಪನ ಊಟ, ಔಷಧ, ಗದರಿಕೆ ಎಲ್ಲ ಅವಳದೇ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಡಿಸಿ ಮಡಚುವ ಕೆಲಸ ಅವಳಿಗೆ ಸಾಕಾಗಿ ಹೋಗಿತ್ತು. ಡ್ರೈವಿಂಗ್ ಶಾಲೆಯಲ್ಲಿ ಕಲಿತು ಲೈಸೆನ್ಸು ತೆಗೆದುಕೊಂಡಿದ್ದಳು. ಇಡೀ ಬೀದಿಗೆ ಕೇಳುವ ಹಾಗೆ ಅಂಗಡಿ ಬಿಟ್ಟೆ, ಇನ್ನು ವ್ಯಾನು ನನ್ನದು ಎಂದಳು.

ಶಾಲೆಯ ಹೆಡ್‌ಮಿಸ್ಸು ಹುಬ್ಬು ಗಂಟಿಕ್ಕಿದರು. ಮಕ್ಕಳ ಅಪ್ಪಂದಿರು ಗೇಟಿನ ಬಳಿ ಗುಂಪು ಕೂಡಿ ಗೊಣಗಿದರು. ಹುಡುಗಿ ಓಡಿಸುವ ಗಾಡಿಯಲ್ಲಿ ಮಕ್ಕಳನ್ನು ಕಳಿಸುವುದಾ ಎಂದು ಅವರು ನೇರವಾಗಿ ಹೇಳಲಿಲ್ಲ, ಗಾಡಿ ಹಳೆಯದಲ್ಲವೇ ಎಂದರು. ಕೊನೆಗೆ ಹೆಡ್‌ಮಿಸ್ಸು ಒಂದು ಷರತ್ತು ಹಾಕಿದರು. ಹೇಗೂ ಗಾಡಿಯ ಎಫ್‌ಸಿ ಮುಗಿಯುತ್ತಾ ಬಂದಿದೆ, ಸಾರಿಗೆ ಕಚೇರಿಗೆ ಒಯ್ದು ರಸ್ತೆಗೆ ಯೋಗ್ಯ ಅಂತ ಹೊಸದಾಗಿ ಬರೆಸಿಕೊಂಡು ಬರಲಿ, ಆಮೇಲೆ ಅವಳೇ ಓಡಿಸಲಿ. ಹೀಗೆ ಮಗಳ ಹೊಸ ಬದುಕು ಆ ಒಂದು ತಪಾಸಣೆಗೆ ಬಂದು ನೇತುಬಿತ್ತು. ಆಗಲಿಂದಲೇ ಸಾವಧಾನಪ್ಪನ ಎದೆಯಲ್ಲಿ ಏನೋ ಅಳುಕು. ಪಾಸಾಗುವುದಿಲ್ಲವೇನೋ ಎಂಬ ಅಳುಕು ಅದು ಎಂದೇ ಅವನು ತಿಳಿದುಕೊಂಡ.

ಮಗಳು ಮೊಬೈಲಿನಲ್ಲೇ ತಪಾಸಣೆಗೆ ದಿನ ಗೊತ್ತು ಮಾಡಿದಳು. ಅಪ್ಪ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟ. ಮೆಕ್ಯಾನಿಕ್ ಅವನ ಹಳೆಯ ಗೆಳೆಯ. ಕೈ ಮಸಿಯಾದರೂ ಬಾಯಿ ಸುಮ್ಮನಿರದ ಆಸಾಮಿ. ಹಿಂದಿನ ದೀಪ ಬದಲಾಯಿಸಿದ, ಹೊಳೆಯುವ ಪಟ್ಟಿ ಅಂಟಿಸಿದ, ತುಕ್ಕು ಕೆರೆದು ಬಣ್ಣ ಬಳಿದ, ಬೆಂಕಿ ನಂದಿಸುವ ಸಿಲಿಂಡರನ್ನು ಸೀಟಿನ ಕೆಳಗೆ ಬಿಗಿದ.

"ಬ್ರೇಕ್ ಬಿಚ್ಚಿ ನೋಡ್ಲಾ?" ಎಂದು ಕೇಳಿದ.

ಸಾವಧಾನಪ್ಪನಿಗೆ ಮೂಗಿನ ತುದಿಗೆ ಸಿಟ್ಟು ಬಂತು. "ನನ್ನ ಬ್ರೇಕ್‌ಗೆ ಏನಾಗಿದೆ? ಇಷ್ಟು ವರ್ಷದಲ್ಲಿ ಒಂದು ಕೋಳಿಮರಿಗಾದ್ರೂ ಹೊಡೆದಿದ್ದೀನಾ?"

"ಆಯ್ತು ಮಾರಾಯ, ಕೇಳಿದ್ದೇ ತಪ್ಪಾಯ್ತು," ಎಂದು ಮೆಕ್ಯಾನಿಕ್ ಬಾನೆಟ್ ಮುಚ್ಚಿದ.

ಗ್ಯಾರೇಜಿನಿಂದ ಬಂದ ಸಂಜೆ ಮಗಳು ಖಾಲಿ ಮೈದಾನದಲ್ಲಿ ಓಡಿಸಿ ನೋಡಿದಳು. ಅಪ್ಪ ಪಕ್ಕದಲ್ಲಿ ಕೂತು ನಿಧಾನ, ನಿಧಾನ ಎನ್ನುತ್ತಲೇ ಇದ್ದ. ಆ ನಿಧಾನದಲ್ಲಿ ಎಂಥ ಗಾಡಿಯಾದರೂ ನಿಲ್ಲುತ್ತಿತ್ತು. ಆದರೂ ಅವಳಿಗೆ ಏನೋ ಸರಿ ಕಾಣಲಿಲ್ಲ.

"ಅಪ್ಪ, ಪೆಡಲ್ ತುಂಬಾ ಕೆಳಗೆ ಹೋಗುತ್ತೆ. ಕ್ಲಾಸಿನ ಕಾರಲ್ಲಿ ಹೀಗಿರಲಿಲ್ಲ."

"ಅದು ಹೊಸ ಕಾರು ಕಣೇ. ಇದು ಹಳೇ ಗಾಡಿ, ಕಾಲಿಗೆ ರೂಢಿ ಆಗಬೇಕು. ಎಲ್ಲಿ ಇಳಿ, ತೋರಿಸ್ತೀನಿ." ಅವನು ಕೂತು ಗಾಡಿಯನ್ನು ಓಡಿಸಿ ನಿಲ್ಲಿಸಿದ. ಪಳಗಿದ ಹಸುವಿನ ಹಾಗೆ ನಿಂತಿತು. "ಏನಾಗಿದೆ ಇದಕ್ಕೆ?"

ಅವಳು ವಾದ ಬಿಟ್ಟು ಇಳಿದು, ಎಡಗಡೆಯ ಬಾಗಿಲನ್ನು ಎತ್ತಿ ತಳ್ಳಿದಳು. ಅಂಗಡಿ ಬಿಟ್ಟು ಬಂದವಳು, ಗಾಡಿಯ ಮೇಲೆ ಗೂಬೆ ಕೂರಿಸಿದರೆ ತನ್ನ ಕೆಲಸಕ್ಕೇ ಕಲ್ಲು ಎಂದು ಅವಳಿಗೂ ಗೊತ್ತಿತ್ತು.

ತಪಾಸಣೆಯ ದಿನ ಸಾರಿಗೆ ಕಚೇರಿಯ ಹಿಂದಿನ ಬಯಲಿನಲ್ಲಿ ಗಾಡಿಗಳ ಸಾಲು. ಬಿಸಿಲು ಏರುತ್ತಿತ್ತು. ಲಾರಿಯವರು, ಆಟೋದವರು ತಮ್ಮ ತಮ್ಮ ಗಾಡಿಗಳನ್ನು ಮದುವೆ ಹೆಣ್ಣಿನ ಹಾಗೆ ಒರೆಸುತ್ತಾ ನಿಂತಿದ್ದರು. ಅಲ್ಲಿನ ಪದ್ಧತಿ ಏನೆಂದರೆ ಇನ್‌ಸ್ಪೆಕ್ಟರ್ ಗಾಡಿ ಹತ್ತುತ್ತಿರಲಿಲ್ಲ. ನೆಲದ ಮೇಲೆ ಸುಣ್ಣದ ಗೆರೆ ಎಳೆಸಿ ಅದರ ಪಕ್ಕ ಕೊಡೆ ಹಿಡಿದು ನಿಲ್ಲುತ್ತಿದ್ದ. ತಂದವರೇ ದೂರದಿಂದ ಓಡಿಸಿಕೊಂಡು ಬಂದು, ಅವನು ಕೈ ಎತ್ತಿದ ಕೂಡಲೇ ಗೆರೆ ದಾಟದ ಹಾಗೆ ನಿಲ್ಲಿಸಬೇಕು. ನಿಂತರೆ ಬ್ರೇಕು ಪಾಸು.

"ನಾನೇ ಓಡಿಸ್ತೀನಿ ಅಪ್ಪ, ಡಾಕ್ಟ್ರು ನಿನಗೆ ಬೇಡ ಅಂದಿದ್ದಾರೆ," ಎಂದಳು ಮಗಳು.

"ಇವತ್ತೊಂದಿನ ಬೇಡ. ಚೂರು ಆಚೀಚೆ ಆದ್ರೂ ಹುಡುಗಿ ಓಡಿಸಿದ್ದಕ್ಕೇ ಹೀಗಾಯ್ತು ಅಂತಾರೆ. ಗೆರೆ ನನಗೆ ಕಾಣುತ್ತೆ."

ಪ್ರೀತಿಯಿಂದ ಆಡಿದ ಮಾತು ಅದು. ಅದಕ್ಕಿಂತ ಕೆಟ್ಟ ಮಾತನ್ನು ಅವನು ತನ್ನ ಜನ್ಮದಲ್ಲಿ ಆಡಿರಲಿಲ್ಲ. ಗಾಡಿ ಬಂತು, ಇನ್‌ಸ್ಪೆಕ್ಟರ್ ಕೈ ಎತ್ತಿದ, ಕಾಲು ತನ್ನಷ್ಟಕ್ಕೆ ಒಮ್ಮೆ ಒತ್ತಿ, ಬಿಟ್ಟು, ಮತ್ತೆ ಒತ್ತಿತು. ಮುಂದಿನ ಚಕ್ರ ಗೆರೆಯ ಅಂಚಿಗೆ ಬಂದು ನಿಂತಿತು. ಸಾಲಿನಲ್ಲಿದ್ದ ಲಾರಿಯವನೊಬ್ಬ ಭೇಷ್ ಎಂದ. ಇನ್‌ಸ್ಪೆಕ್ಟರ್ ದೀಪ ನೋಡಿದ, ಹಾರನ್ ಒತ್ತಿಸಿದ, ಸಹಿ ಹಾಕಿದ.

ವಾಪಸು ಬರುವಾಗ ಮಗಳು ಹಗುರಾಗಿದ್ದಳು. "ಮೈದಾನದಲ್ಲಿ ನಾನೇ ಏನೇನೋ ಅಂದ್ಕೊಂಡೆ ನೋಡು. ಸರ್ಕಾರದವರೇ ಸರಿ ಇದೆ ಅಂದ ಮೇಲೆ ಇನ್ನೇನು," ಎಂದು ನಕ್ಕಳು. ಅಲ್ಲಿಗೆ ಅವಳಲ್ಲಿ ಉಳಿದಿದ್ದ ಒಂದೇ ಒಂದು ಅನುಮಾನವೂ ಹೋಯಿತು.

ಕೆಲವು ದಿನ ಏನೂ ಆಗಲಿಲ್ಲ. ಶಾಲೆಗೆ ಹೋಗುವ ದಾರಿ ಸಮತಟ್ಟು, ಅವಳೂ ಅಪ್ಪನ ಮಗಳೇ, ನಿಧಾನಿ. ಆದರೆ ಒಂದು ಬೆಳಿಗ್ಗೆ ಆ ದಾರಿಯನ್ನು ಪೈಪು ಹಾಕಲು ಅಗೆದಿದ್ದರು. ಮಕ್ಕಳನ್ನು ತುಂಬಿಕೊಂಡ ಅವಳು ನೀರಿನ ಟ್ಯಾಂಕಿನ ಮೇಲಿನ ರಸ್ತೆ ಹಿಡಿದು ಹೋಗ್ತೀನಿ ಅಪ್ಪ ಎಂದು ಗಾಡಿ ನಿಲ್ಲಿಸಿ ಫೋನು ಮಾಡಿ ಹೇಳಿದಳು. ಆ ರಸ್ತೆ ಟ್ಯಾಂಕಿನಿಂದ ಕೆಳಗೆ ಮಾರುಕಟ್ಟೆಯವರೆಗೆ ಒಂದೇ ಇಳಿಜಾರು. ಹುಷಾರು ಎಂದ ಅಪ್ಪ. ಅವನಿಗೂ ಅಷ್ಟೇ ಗೊತ್ತಿದ್ದದ್ದು.

ಅದೇ ಹೊತ್ತಿಗೆ ಅವನು ಕಣ್ಣಿನ ಆಸ್ಪತ್ರೆಗೆ ಹೊರಟಿದ್ದ. ಹಾಲಿನ ಗಾಡಿಯವನು ಆ ಕಡೆಗೇ ಹೋಗುತ್ತಿದ್ದುದರಿಂದ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡ. ಚಾಲಕನನ್ನು ಪಕ್ಕದ ಸೀಟಿನಲ್ಲಿ ಕೂರಿಸಿದರೆ ಅವನ ಕಾಲು ಸುಮ್ಮನಿರುವುದಿಲ್ಲ, ಅದು ಎಲ್ಲ ಚಾಲಕರ ಹಣೆಬರಹ. ಒಂದು ನಾಯಿ ಅಡ್ಡ ಬಂತು. ಹಾಲಿನವನು ಬ್ರೇಕು ಒತ್ತಿದ. ಸಾವಧಾನಪ್ಪನ ಬಲಗಾಲು ಬರಿಯ ತಗಡಿನ ಮೇಲೆ ದಬ್, ದಬ್ ಎಂದಿತು.

ಹಾಲಿನವನು ನಕ್ಕ. "ಏನಣ್ಣ, ನಿನ್ನ ಕಾಲು ಎರಡೆರಡು ಸಲ ಬಡಿಯುತ್ತೆ? ಮೊದಲನೇದಕ್ಕೆ ಹಿಡಿಯಲ್ವಾ ನಿನ್ನ ಗಾಡಿ?"

ಸಾವಧಾನಪ್ಪ ತನ್ನ ಕಾಲನ್ನು ನೋಡಿದ. ಯಾರದೋ ಕಾಲನ್ನು ನೋಡುವ ಹಾಗೆ ನೋಡಿದ. ಮೈದಾನ, ಕೆಳಗಿಳಿಯುವ ಪೆಡಲು, ಸುಣ್ಣದ ಗೆರೆ, ಎಲ್ಲ ಒಟ್ಟಿಗೇ ನೆನಪಾಯಿತು.

"ತಿರುಗಿಸು," ಎಂದ. "ಗಾಡಿ ತಿರುಗಿಸಪ್ಪ. ಟ್ಯಾಂಕಿನ ರಸ್ತೆಗೆ."

ಫೋನು ಮಾಡಿದ. ರಿಂಗಾಯಿತು, ಅವಳು ತೆಗೆಯಲಿಲ್ಲ. ಓಡಿಸುವಾಗ ತೆಗೆಯುವವಳಲ್ಲ. ಆದರೂ ಅವನು ಮತ್ತೆ ಮತ್ತೆ ಮಾಡಿದ.

ಅವರು ಹೋಗಿ ಮುಟ್ಟುವಷ್ಟರಲ್ಲಿ ಇಳಿಜಾರಿನ ಕೊನೆಯಲ್ಲಿ ಜನ ಸೇರಿದ್ದರು. ಕಟ್ಟುತ್ತಿದ್ದ ಮನೆಯೊಂದರ ಮುಂದಿನ ಮರಳುಗುಡ್ಡೆಗೆ ವ್ಯಾನು ಮೂತಿ ತೂರಿಸಿಕೊಂಡು ನಿಂತಿತ್ತು. ಮಕ್ಕಳು ಅಳುತ್ತಿದ್ದರು. ಮುಂದೆ ಕೂತಿದ್ದ ಪುಟ್ಟ ಹುಡುಗಿಯ ಕೈ ಮುರಿದಿತ್ತು, ಅವಳನ್ನು ಆಸ್ಪತ್ರೆಗೆ ಒಯ್ದಿದ್ದರು. ಮಗಳು ರಸ್ತೆ ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಇನ್ನು ನಾಲ್ಕು ಮಾರು ಹೋಗಿದ್ದರೆ ತುಂಬಿದ ಮಾರುಕಟ್ಟೆ. ಮರಳಿನ ಕಡೆಗೆ ತಿರುಗಿಸಿದವಳು ಅವಳೇ ಎಂಬ ಮಾತನ್ನು ಆ ಗುಂಪಿನಲ್ಲಿ ಒಬ್ಬರೂ ಆಡಲಿಲ್ಲ. ಹುಡುಗಿ ಕೈಗೆ ಗಾಡಿ ಕೊಟ್ಟರೆ ಇನ್ನೇನಾಗುತ್ತೆ ಎಂದು ಹತ್ತು ಬಾಯಿಗಳು ಆಡಿದವು.

ಮಧ್ಯಾಹ್ನ ವ್ಯಾನನ್ನು ಎಳೆದು ತಂದು ಪೊಲೀಸ್ ಠಾಣೆಯ ಅಂಗಳದಲ್ಲಿ ನಿಲ್ಲಿಸಿದರು. ಬಂಪರು ನಜ್ಜುಗುಜ್ಜಾಗಿತ್ತು, ಎಂಜಿನ್ನು ಮಾತ್ರ ಸರಿಯಿತ್ತು. ಗಾಡಿ ನೋಡಲು ಬಂದವನು ಸುಣ್ಣದ ಗೆರೆಯ ಪಕ್ಕ ನಿಂತಿದ್ದ ಅದೇ ಇನ್‌ಸ್ಪೆಕ್ಟರ್. ಕೈ ಮುರಿದ ಮಗುವಿನ ತಂದೆ ಗೋಡೆಗೆ ಒರಗಿ ನಿಂತಿದ್ದ. ಮಗಳು ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು.

"ಸಾರ್, ತಪ್ಪು ಗಾಡೀದು," ಎಂದ ಸಾವಧಾನಪ್ಪ. "ಬ್ರೇಕು ಮೊದಲ ಸಲಕ್ಕೆ ಹಿಡಿಯಲ್ಲ. ನಾನು ಎರಡು ಸಲ ಒತ್ತುತ್ತಿದ್ದೆ, ನನಗೇ ಗೊತ್ತಿರಲಿಲ್ಲ. ಮಗಳದ್ದೇನೂ ತಪ್ಪಿಲ್ಲ ಸಾರ್."

ಇನ್‌ಸ್ಪೆಕ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಮೊನ್ನೆ ಮೊನ್ನೆ ನೀವೇ ಗೆರೆ ಮೇಲೆ ನಿಲ್ಲಿಸಿದ್ರಲ್ಲ ಯಜಮಾನ್ರೇ. ನಾನೇ ಪಾಸ್ ಮಾಡಿದ್ದೀನಿ."

"ಅದು ನನ್ನ ಕಾಲು ಸಾರ್, ಗಾಡಿ ಅಲ್ಲ."

"ಹಾಗಾದ್ರೆ ಹತ್ತಿ. ಅಲ್ಲಿಂದ ಇಲ್ಲಿವರೆಗೆ ಓಡಿಸಿ, ಹಿಡಿಯಲ್ಲ ಅನ್ನೋದನ್ನ ತೋರಿಸಿ."

ಸಾವಧಾನಪ್ಪ ಹತ್ತಿದ. ಒಂದೇ ಸಲ ಒತ್ತಬೇಕು, ಗಾಡಿ ಹೋಗಿ ಗೋಡೆಗೆ ಬಡಿಯಬೇಕು, ಇಷ್ಟೇ ಕೆಲಸ. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಗಾಡಿ ನಿಲ್ಲದಿರಲಿ ಎಂದು ಬೇಡಿಕೊಂಡ. ಒಂದೇ ಸಲ, ಒಂದೇ ಸಲ ಎಂದು ಬಾಯಲ್ಲಿ ಹೇಳುತ್ತಲೇ ಓಡಿಸಿದ. ಗೋಡೆ ಹತ್ತಿರ ಬಂತು, ಅದಕ್ಕೆ ಒರಗಿದ್ದ ತಂದೆ ಪಕ್ಕಕ್ಕೆ ಜಿಗಿದ. ಅಷ್ಟು ವರ್ಷ ಯಾರ ಮೈಗೂ ತಾಗಿಸದೆ ಓಡಿಸಿದ ಕಾಲು ಮಾತು ಕೇಳಲಿಲ್ಲ. ಒತ್ತಿ, ಬಿಟ್ಟು, ಮತ್ತೆ ಒತ್ತಿತು. ವ್ಯಾನು ಗೋಡೆಯಿಂದ ಒಂದು ಮೊಳ ಈಚೆಗೆ ಗಕ್ಕನೆ ನಿಂತಿತು.

"ಇನ್ನೊಂದ್ಸಲ ಸಾರ್," ಎಂದ. ಇನ್ನೊಂದು ಸಲವೂ ಹಾಗೆಯೇ ನಿಂತಿತು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. "ನೀವು ಹತ್ತಿ ನೋಡಿ ಸಾರ್, ನೀವು ಒತ್ತಿ," ಎಂದು ಗೋಗರೆದ.

ತಾನೇ ಸಹಿ ಹಾಕಿದ ಗಾಡಿಯಲ್ಲಿ ಕುಂದು ಹುಡುಕುವ ಉತ್ಸಾಹ ಇನ್‌ಸ್ಪೆಕ್ಟರಿಗೆ ಎಲ್ಲಿಂದ ಬರಬೇಕು? "ಹೆತ್ತ ಕರುಳು, ನನಗೂ ಅರ್ಥ ಆಗುತ್ತೆ," ಎಂದು ಮೆತ್ತಗೆ ಹೇಳಿ ಒಳಗೆ ಹೋದ. ಬ್ರೇಕು ಸರಿಯಿದೆ, ಚಾಲಕಿಗೆ ಅನುಭವ ಸಾಲದು ಎಂದು ಬರೆದುಕೊಟ್ಟ.

ಸಾವಧಾನಪ್ಪ ಮಗಳ ಹತ್ತಿರ ಓಡಿದ. "ನೀನು ಹತ್ತಮ್ಮ. ಬೆಳಿಗ್ಗೆ ಹೇಗೆ ಒತ್ತಿದೆಯೋ ಹಾಗೇ ಒಂದು ಸಲ ಒತ್ತು. ಎಲ್ಲರೂ ನೋಡಲಿ."

"ನಾನಿನ್ನು ಆ ಸೀಟಲ್ಲಿ ಕೂರಲ್ಲ," ಎಂದಳು.

ನಾಳೆಯೋ ನಾಡಿದ್ದೋ ಮೆಕ್ಯಾನಿಕ್ ಬಿಚ್ಚಿ ನೋಡಿ ನಿಜ ಹೇಳಬಹುದು. ಅದನ್ನು ಯಾರಾದರೂ ಕೇಳಲೂಬಹುದು. ಆದರೆ ಅಪ್ಪ ಓಡಿಸಿದ ಗಾಡಿ ಎರಡು ಸಲವೂ ನಿಂತದ್ದನ್ನು ಮಗಳು ಕಣ್ಣಾರೆ ಕಂಡಿದ್ದಳು. ಸಾವಧಾನಪ್ಪನಿಗೆ ಅವಳ ಮುಖ ನೋಡಲು ಹೆದರಿಕೆಯಾಯಿತು. ಹಾಲಿನ ಗಾಡಿಯಲ್ಲಿ ಆ ಇಳಿಜಾರು ನೆನಪಾದಾಗಲೂ ಅಷ್ಟು ಹೆದರಿರಲಿಲ್ಲ.

"ಸಾಕು ಬಿಡಪ್ಪ," ಎಂದಳು ಅವಳು, ಸಿಟ್ಟಿಲ್ಲದೆ. "ನನಗೋಸ್ಕರ ಸುಳ್ಳು ಹೇಳಬೇಡ. ನೋಡಿದೆನಲ್ಲ, ಗಾಡಿ ನಿಲ್ಲುತ್ತೆ. ನನ್ನ ಕಾಲಿಗೆ ನಿಲ್ಲಲಿಲ್ಲ, ಅಷ್ಟೇ."