ಸ್ಕೂಟರ್ ನಿಲ್ಲಿಸೋ ಜಾಗ

ನಾನು ಪ್ಯಾಲಿಯೇಟಿವ್ ಕೇರ್ ನರ್ಸು. ವಾಸಿಯಾಗದ ಕಾಯಿಲೆಯವರ ಮನೆಗೇ ಹೋಗಿ ನೋವು ಕಡಿಮೆ ಮಾಡೋದು ನನ್ನ ಕೆಲಸ. ಶ್ರೀನಿವಾಸಪುರದ ಸುತ್ತಮುತ್ತ ನನ್ನ ಸ್ಕೂಟರ್ ಯಾರ ಬಾಗಿಲಲ್ಲಿ ನಿಂತರೂ, ಆ ಮನೇಲಿ ಯಾರದೋ ಕಥೆ ಮುಗೀತು ಅಂತ ಊರೇ ಮಾತಾಡುತ್ತೆ. ಅದಕ್ಕೇ ಎಲ್ಲರೂ ಹಾಲಿನ ಡೈರಿ ಹತ್ತಿರ ಗಾಡಿ ಬಿಟ್ಟು ನಡೆದು ಬನ್ನಿ ಅಂತಾರೆ. ಮಾವಿನ ಮಂಡಿ ನಡೆಸುತ್ತಿದ್ದ ಮುನಿಯಪ್ಪನವರಂತೂ ತಮಗೆ ಕ್ಯಾನ್ಸರ್ ಅಂತ ಪಕ್ಕದ ಮನೆಯ ತಮ್ಮನಿಗೂ ಹೇಳಿರಲಿಲ್ಲ.

ಒಂದು ದಿನ ಅವರ ಗಾಯಕ್ಕೆ ಬಟ್ಟೆ ಕಟ್ಟುತ್ತಾ, "ಮುಂದಿನ ವಾರ ಬೇರೆ ಸಿಸ್ಟರು ಬರ್ತಾರೆ ಅಣ್ಣಾ. ಕೋಲಾರದಲ್ಲಿ ಹೊಸ ನರ್ಸುಗಳಿಗೆ ಈ ಕೆಲಸ ಕಲಿಸೋಕೆ ನನ್ನನ್ನ ಆರಿಸಿದ್ದಾರೆ," ಅಂದೆ.

"ನೀನು ಯಾರ ಹತ್ರ ಕಲಿತೆ ಅಂತ ಕೇಳಿದ್ರೆ?"

"ನಿಮ್ಮಂಥವರ ಹತ್ರ ಅಂತೀನಿ."

ಮುನಿಯಪ್ಪನವರು ಎದ್ದು ಕೂತರು. "ಹೋಗಮ್ಮಾ, ಗಾಡಿ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸು."

ಗಾಡಿ ತಂದು ನಿಲ್ಲಿಸಿದೆ. ಅವರು ಜಗಲಿಗೆ ಬಂದು ಕೂತು, ಇಣುಕಿದವರಿಗೆಲ್ಲ ಕೂಗಿ ಹೇಳಿದರು: "ನಮ್ಮ ಸಿಸ್ಟರು ಈಗ ಮೇಡಂ ಆಗವ್ಳೆ! ನನ್ನ ಗಾಯ ಕಟ್ಟೀನೇ ಕಲಿತಿದ್ದು!"

ಡೈರಿ ಹತ್ತಿರ ಹುಣಸೆಮರದ ನೆರಳಿತ್ತು, ಅವರ ಬಾಗಿಲಲ್ಲಿ ಸುಡುಬಿಸಿಲು. ಹೊರಡುವಾಗ ಸೀಟು ಕಾದ ಹೆಂಚಾಗಿತ್ತು. ಆದರೂ ಮುಖ ಕಿವುಚದೆ ಕೂತೆ. ಇಡೀ ಬೀದಿ ಮೇಡಂನ ನೋಡ್ತಿತ್ತಲ್ಲ!