ಬ್ಲಾಕ್ ಮಾಡಿದವರ ಪಟ್ಟಿಯಲ್ಲಿ ಅವಳ ಹೆಸರು

ಮೊದಲು ಟಿಣ್ ಟಿಣ್ ಎಂದು ನಂಬರು ಒತ್ತಿದ ಸದ್ದು. ಆಮೇಲೆ ಕೀಂ ಎಂದು ಎಳೆದ ಒಂದು ಕೂಗು, ಹಿಂದೆಯೇ ತಗಡಿನ ಮೇಲೆ ಮರಳು ಸುರಿದಂತೆ ಗರಗರ. ಹಿಂದೂಪುರದ ನಮ್ಮ ಮನೆಯ ಮುಂದಿನ ರೂಮಿನಲ್ಲಿ ಮೋಡೆಮ್ಮು ಹೀಗೆ ಕಿರುಚಿದ ಮೇಲೆಯೇ ಇಂಟರ್ನೆಟ್ಟು ಬರುತ್ತಿದ್ದುದು. ನನಗೆ ಅದು ಸಂಗೀತದಂತಿತ್ತು. ಆದರೆ ನೆಟ್ ಇರುವಷ್ಟು ಹೊತ್ತೂ ಟೆಲಿಫೋನು ಸತ್ತ ಹಾಗೆ. ಯಾರು ಮಾಡಿದರೂ ಎಂಗೇಜ್. ಆ ಸದ್ದಿಗೆ ಕಿವಿಗೊಟ್ಟು ಕೂತ ವರ್ಷದಲ್ಲೇ ನಾನು ಕೇಳಲೇಬೇಕಿದ್ದ ಒಂದು ದನಿಯನ್ನು, ಅದು ಇನ್ನೂ ಇದ್ದ ಕಡೆಯ ದಿನಗಳಲ್ಲಿ, ಕೇಳದೆ ಹೋದೆ.

ಆ ದನಿ ಕಲ್ಯಾಣದುರ್ಗದ ನನ್ನ ಗೆಳತಿಯದು. ಹರೆಯದಲ್ಲಿ ಇಬ್ಬರೂ ಹಿಂದೂಪುರದ ಒಂದೇ ಸ್ಕೂಲಿಗೆ ಕೆಲಸಕ್ಕೆ ಸೇರಿದವರು, ನಾನು ಇಂಗ್ಲಿಷಿಗೆ, ಅವಳು ಲೆಕ್ಕಕ್ಕೆ. ನನಗೆ ಕಾನ್ವೆಂಟಿನ ಸಿಸ್ಟರ್‌ಗಳು ‘ಲೇಡೀಸ್ ಡೋಂಟ್ ಶೌಟ್’ ಎಂದು ಕಲಿಸಿದ್ದರು. ಅವಳಿಗೆ ಹಾಗೆ ಯಾರೂ ಕಲಿಸಿರಲಿಲ್ಲ. ಪ್ರೇಯರ್ ಹೊತ್ತಿಗೆ ಮೈಕ್ ಕೆಟ್ಟರೆ ಹೆಡ್ ಮಾಸ್ಟರು ಅವಳನ್ನೇ ಮುಂದೆ ನಿಲ್ಲಿಸುತ್ತಿದ್ದರು. ಮದುವೆಯಾಗಿ ಕಲ್ಯಾಣದುರ್ಗಕ್ಕೆ ಹೋದ ಮೇಲೆ ಭಾನುವಾರ ತಪ್ಪದೆ ಫೋನ್ ಮಾಡುತ್ತಿದ್ದಳು. ರಿಸೀವರ್ ಎತ್ತುತ್ತಲೇ, “ಏನೇ ಹುಚ್ಚಿ, ಉಂಡ್ಯಾ?” ಅಡುಗೆಮನೆಯಲ್ಲಿದ್ದ ನನ್ನ ತಂಗಿ ಅಲ್ಲಿಂದಲೇ, “ಉಂಡ್ಲು ಕಣಕ್ಕ!” ಎಂದು ಉತ್ತರ ಕೊಡುವಷ್ಟು ಜೋರು.

ರಿಟೈರ್ ಆಗಿ ಕಂಪ್ಯೂಟರ್ ಕೊಂಡ ಮೇಲೆ ಕಾನ್ವೆಂಟಿನ ಹಳೆಯ ಕ್ಲಾಸ್‌ಮೇಟುಗಳೆಲ್ಲ ನನಗೆ ಒಬ್ಬೊಬ್ಬರಾಗಿ ಸಿಕ್ಕರು. ಅವರು ಮೇಲ್ ಬರೆಯುವುದೂ ಭಾನುವಾರವೇ. ಲೈನು ಎಂಗೇಜ್ ಬರುತ್ತದೆ ಎಂದು ಗೆಳತಿ ಗೊಣಗಿದಾಗ ನಾನೇ ಹೇಳಿದೆ, “ಇನ್ನೂ ಫೋನು, ಕಾಗದ ಅಂತ ಕೂತಿದ್ದೀಯಲ್ಲೇ. ಈ-ಮೇಲ್ ಕಲಿ. ಇಟ್ ಈಸ್ ಸೋ ಸಿಂಪಲ್.” ಆ ದಿನ ಅವಳ ಗಂಟಲು ಒಡೆದ ಹಾಗಿತ್ತು. “ಶುಂಠಿ ಕಷಾಯ ಕುಡಿ,” ಎಂದೂ ಹೇಳಿದೆ.

ಅವಳು ಕಲಿತಳು. ಅರವತ್ತು ದಾಟಿದ ಹೆಂಗಸು ಬಸ್ ಸ್ಟ್ಯಾಂಡಿನ ಹತ್ತಿರದ ನೆಟ್ ಸೆಂಟರಿಗೆ ಹೋಗಿ, ಕಾಲೇಜು ಹುಡುಗರ ನಡುವೆ ಕೂತು ಕಲಿತಳು. ಗಣಪತಿ, ವೆಂಕಟೇಶ್ವರ, ‘ಹನ್ನೊಂದು ಜನಕ್ಕೆ ಕಳಿಸಿದರೆ ಶುಭ ಸುದ್ದಿ’ ಎನ್ನುವ ಫಾರ್ವರ್ಡುಗಳು ವಾರಕ್ಕೆ ಹತ್ತು ಬರತೊಡಗಿದವು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ಎಲ್ಲ ದೊಡ್ಡಕ್ಷರದಲ್ಲೇ ಹೊಡೆಯುತ್ತಿದ್ದಳು. ಓದಿದರೆ ಅವಳು ಕೂಗಿದಂತೆಯೇ ಕೇಳಿಸುತ್ತಿತ್ತು.

ಒಂದು ಭಾನುವಾರ ನಾನು ನನ್ನ ತೋಟದ ಗುಲಾಬಿಗಳ ಮೇಲೆ ಒಂದು ಚೆಂದದ ಇಂಗ್ಲಿಷ್ ಪತ್ರ ಬರೆದು ಎಲ್ಲರಿಗೂ ಒಟ್ಟಿಗೆ ಕಳಿಸಿದೆ. ಆ ಎಲ್ಲರಲ್ಲಿ ಅವಳೂ ಇದ್ದಳು. ಅವಳು ಯಾವುದೋ ಬಟನ್ ಒತ್ತಿ ಎಲ್ಲರಿಗೂ ಉತ್ತರ ಕೊಟ್ಟಳು: “ಹುಚ್ಚಿ, ಗುಲಾಬಿ ತಿಂದ್ಕಂಡು ಇದ್ದೀಯಾ? ಉಂಡ್ಯಾ ಇಲ್ವಾ?” ಕನ್ನಡ ಬಲ್ಲ ಒಬ್ಬ ಕ್ಲಾಸ್‌ಮೇಟು ನನಗೆ ಬರೆದಳು, ‘ಹೂ ಈಸ್ ದಿಸ್ ಫನ್ನಿ ಲೇಡಿ?’ ನಾನು ಬರೆದೆ, ‘ಓ, ಜಸ್ಟ್ ಸಮ್‌ಒನ್ ಐ ಯೂಸ್ಡ್ ಟು ವರ್ಕ್ ವಿತ್.’

ಯಾವಾಗಲೋ ಒಂದು ಕಾಲದಲ್ಲಿ ಜೊತೆಗೆ ಕೆಲಸ ಮಾಡಿದವಳು, ಅಷ್ಟೇ. ಇಂಗ್ಲಿಷಿನಲ್ಲಿ ಅದು ಎಷ್ಟು ಸಲೀಸಾಗಿ ಬಂತು! ಅದನ್ನು ಕಳಿಸಿದ ಕೈಯಲ್ಲೇ ಮೆನುವಿಗೆ ಹೋಗಿ ಅವಳ ಹೆಸರಿನ ಮೇಲೆ ‘ಬ್ಲಾಕ್ ಸೆಂಡರ್’ ಒತ್ತಿದೆ. ಸ್ವಲ್ಪ ದಿನ ಅಂದುಕೊಂಡೆ. ಆಮೇಲೆ ಮರೆತೆ. ಅವಳ ಮೇಲ್ ಬರುತ್ತಿಲ್ಲವಲ್ಲ ಎಂದು ಒಮ್ಮೊಮ್ಮೆ ಅನಿಸಿದಾಗ ಮನಸ್ಸು ಹಗುರವಾಗಿಯೇ ಇತ್ತು, ಅದನ್ನೂ ಬರೆದುಬಿಡಬೇಕು.

ಮೂರ್ನಾಲ್ಕು ತಿಂಗಳಲ್ಲಿ ಕಸದ ಮೇಲುಗಳು ವಿಪರೀತವಾದವು. ಗೊತ್ತಿಲ್ಲದ ದೇಶದ ಲಾಟರಿ ನನಗೆ ಹೊಡೆಯುತ್ತಿತ್ತು. ಇನ್ನು ಕೆಲವನ್ನು ಸೆರಗಿನಲ್ಲಿ ಸ್ಕ್ರೀನ್ ಮುಚ್ಚಿಕೊಂಡು ಅಳಿಸಬೇಕು.

“ಅಕ್ಕ, ಗಂಡಸ್ರ ಮಾತ್ರೆ ನಿಂಗ್ಯಾಕೆ ಬತ್ತವೆ?” ಎಂದಳು ತಂಗಿ.

“ಶಟಪ್,” ಎಂದೆ.

ನಾನು ಕಸ ತಡೆಯುವ ಫಿಲ್ಟರನ್ನು ಬಿಗಿ ಮಾಡಿದೆ. ಕಸ ಬರುತ್ತಲೇ ಇತ್ತು, ಬೇಕಾದ ಮೇಲುಗಳು ನಿಂತವು. ಕೊನೆಗೆ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದ ನನ್ನ ಹಳೆಯ ಸ್ಟೂಡೆಂಟನ್ನು ಕರೆಸಿದೆ. ಚಿಲಮತ್ತೂರಿನ ಕಡೆಯ ಹೆಣ್ಣುಮಗಳು, ಸೊಂಟಕ್ಕೆ ಸೆರಗು ಸಿಕ್ಕಿಸಿ ಕುರ್ಚಿ ಎಳೆದುಕೊಂಡಳು.

“ಏನ್ ಮೇಡಂ, ಇಷ್ಟೊಂದು ರೂಲ್ಸ್ ಹಾಕ್ಬುಟ್ಟಿದ್ದೀರಾ? ಕ್ಲಾಸಲ್ಲಿ ಹಾಕ್ತಿದ್ರಲ್ಲ, ಹಂಗೇ ಐತೆ.”

ಒಂದೊಂದೇ ರೂಲು ತೆಗೆದಳು. ಆಮೇಲೆ ಬ್ಲಾಕ್ ಮಾಡಿದವರ ಪಟ್ಟಿ ತೆರೆದಳು. ಲಾಟರಿಯವರು, ಮಾತ್ರೆಯವರು, ಅವರ ನಡುವೆ ನನ್ನ ಗೆಳತಿ.

“ಇದು ನಮ್ಮ ಕಡೆ ಹೆಸ್ರಿದ್ದಂಗೈತಲ್ಲ ಮೇಡಂ?”

“ಅದು... ಫಿಲ್ಟರೇ ಸೇರಿಸಿಕೊಂಡಿರಬೇಕು.”

“ತಾನಾಗಿ ಸೇರ್ಸ್ಕಳಲ್ಲ. ಯಾರಾನ ಒತ್ತಬೇಕು.”

ನನ್ನ ಬಾಯಿಂದ ಏನು ಬಂತು ಗೊತ್ತೇ? “ಇವಳು ಧೂಳು ಒರೆಸುವಾಗ ಒತ್ತಿರಬೇಕು,” ಎಂದು ತಂಗಿಯತ್ತ ಕೈ ತೋರಿಸಿದೆ.

ತಂಗಿ ಬಾಗಿಲಲ್ಲೇ ನಿಂತಿದ್ದಳು. “ನಾನಾ? ಆ ಕಂಪ್ಯೂಟರ್ ಇಲೀನ ಮುಟ್ಟಿದ್ರೆ ಕೈ ತೊಳ್ಕಂಡ್ ಬಾ ಅಂತೀಯಲ್ಲಕ್ಕ,” ಎಂದಷ್ಟೇ ಹೇಳಿ ಒಳಗೆ ಹೋದಳು.

ಬ್ಲಾಕ್ ಮಾಡಿದವರ ಮೇಲುಗಳು ನೇರ ಕಸದ ಫೋಲ್ಡರಿಗೆ ಹೋಗಿ ಬಿದ್ದಿದ್ದವು. ಸ್ಟೂಡೆಂಟು ಅವನ್ನು ಹುಡುಕಿ ತೆಗೆದು, ನನ್ನ ಕನ್ನಡಕ ಕೈಗೆ ಸಿಗದ್ದರಿಂದ ತಾನೇ ಓದಿದಳು. ಮೊದಲೆರಡು ದೇವರ ಪಟಗಳು. ಮೂರನೆಯದು: “ಗಂಟಲಲ್ಲಿ ಗಡ್ಡೆ ಅಂತೆ ಕಣೇ. ಬೆಂಗಳೂರಲ್ಲಿ ಆಪರೇಷನ್. ಧ್ವನಿಪೆಟ್ಟಿಗೆನೇ ತೆಗೀತಾರಂತೆ. ಆಮೇಲೆ ಮಾತಿಲ್ಲ.” ನಾಲ್ಕನೆಯದು: “ನಿನ್ನ ಫೋನು ಎಂಗೇಜು. ಒಂದ್ಸಲ ಬಂದು ಹೋಗೇ. ಬಾಯಿ ಇರೋವಾಗ್ಲೇ ನಿನ್ನ ಬೈಕಂಬುಡ್ತೀನಿ.” ಓದುತ್ತ ಸ್ಟೂಡೆಂಟಿನ ದನಿ ಸಣ್ಣದಾಯಿತು. ಕೊನೆಯದು ಒಂದೇ ಸಾಲು: “ಬಿಜಿ ಇದ್ದೀಯೇನೋ, ಇರ್ಲಿ ಬಿಡು, ನಾಳೆ ಹೋಯ್ತೀನಿ.”

ಆ ನಾಳೆ ಕಳೆದು ಐದು ವಾರವಾಗಿತ್ತು.

ಮರುದಿನವೇ ಹೊರಟೆ. ಪಾವಗಡದಲ್ಲಿ ಬಸ್ ಬದಲಿಸಿ, ಕಂಬದೂರು ದಾಟುವ ಹೊತ್ತಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆ. ನಿಜ ಹೇಳುವುದು ಅಂತಲೇ ಇತ್ತು. ಅವಳ ಸೊಸೆ ಬಾಗಿಲು ತೆಗೆದಳು. ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು, ತೊಡೆಯ ಮೇಲೆ ಮಕ್ಕಳ ಸ್ಲೇಟು ಇಟ್ಟುಕೊಂಡು ಗೆಳತಿ ಮಂಚದ ಮೇಲೆ ಕೂತಿದ್ದಳು. ನನ್ನನ್ನು ಕಂಡು ಬಾಯಿ ಅಗಲವಾಗಿ ತೆರೆದಳು. ಸದ್ದು ಬರಲಿಲ್ಲ. ಸೀಮೆಸುಣ್ಣ ತೆಗೆದು ಬರೆದಳು: “ಉಂಡ್ಯಾ?”

ನಾನು ಏನು ಹೇಳಿದೆ? “ಕಂಪ್ಯೂಟರ್ ಫಾಲ್ಟು ಕಣೇ. ಫಿಲ್ಟರ್ ನಿನ್ನ ಮೇಲುಗಳನ್ನೆಲ್ಲ ನುಂಗಿಬಿಟ್ಟಿತ್ತು. ಐ ಡಿಡಂಟ್ ನೋ.”

ಅವಳು ನಂಬಿದಳು. ಸೆರಗಿನ ತುದಿಯಿಂದ ಸ್ಲೇಟು ಒರೆಸಿ, “ಅದ್ರ ಮನೆ ಹಾಳಾಗ” ಎಂದು ಬರೆದು, ಭುಜ ಕುಲುಕಿಸಿ ನಕ್ಕಳು. ನಾನೂ ನಕ್ಕೆ. ಅವಳ ಬೈಗುಳ ಮಿಷನ್ನಿಗೆ ಹೋಯಿತು; ತಿನ್ನಬೇಕಾದವಳು ಅವಳ ಪಕ್ಕದಲ್ಲೇ ಕೂತು ಅವಳ ಸೊಸೆ ಕೊಟ್ಟ ಕಾಫಿ ಕುಡಿದಳು.

ನಾನು ಹೊರಡಲು ಏಳುವಾಗ ಪಕ್ಕದ ಮನೆಯ ಮುದುಕಿ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಯಾರಕ್ಕ ಈಯಮ್ಮ? ಚುಟ್ಟಾಲಾ? ನೆಂಟ್ರಾ?”

ಗೆಳತಿ ಅಲ್ಲವೆಂದು ತಲೆಯಾಡಿಸಿದಳು. ಸ್ಲೇಟು ಒರೆಸಿ, ನನ್ನ ಕಡೆ ಒಂದು ಸಲ ನೋಡಿ, ಇಂಗ್ಲಿಷಿನಲ್ಲಿ ಬರೆದಳು. ನನ್ನ ಗೌರವಕ್ಕೇ ಇಂಗ್ಲಿಷು. ಎಲ್ಲ ದೊಡ್ಡಕ್ಷರ, ಸ್ಲೇಟಿನ ಈ ಅಂಚಿನಿಂದ ಆ ಅಂಚಿನವರೆಗೆ.

ಮುದುಕಿಗೆ ಓದಲು ಬಾರದು. “ಏನ್ ಬರ್ದೌಳೆ? ನೀನೇ ಓದಮ್ಮ, ಟೀಚರಮ್ಮನಂಗಿದ್ದೀಯ.”

ನಲವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ನಾನು ಆ ಎರಡು ಪದ ಓದುವ ಬದಲು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಗೆಳತಿ ಸ್ಲೇಟನ್ನು ನನ್ನ ಕಣ್ಣಿನ ಹತ್ತಿರಕ್ಕೆ ತಂದಳು, ಕನ್ನಡಕ ಸಾಲದೇನೋ ಎಂದುಕೊಂಡು.

“ಮೈ ಫ್ರೆಂಡ್,” ಎಂದೆ.

“ಜೋರಾಗಿ ಹೇಳಮ್ಮ, ಕಿವಿ ಕೇಳ್ಸಲ್ಲ.”

ಇನ್ನೊಮ್ಮೆ ಹೇಳಿದೆ. ನಾನು ಬಸ್ ಸ್ಟ್ಯಾಂಡಿನ ಕಡೆ ತಿರುಗುವ ಮೊದಲು ಹಿಂದೆ ನೋಡಿದಾಗ ಅವಳು ಬಾಗಿಲಲ್ಲಿ ನಿಂತಿದ್ದಳು, ಸ್ಲೇಟನ್ನು ಎದೆಗೆ ಹಿಡಿದುಕೊಂಡು. ಬರೆದದ್ದನ್ನು ಇನ್ನೂ ಒರೆಸಿರಲಿಲ್ಲ. ನಾನು ಅವಳನ್ನು ಕಡೆಯ ಸಲ ನೋಡಿದ್ದು ಹಾಗೆ.